ಜೂನ್ ಮೊದಲ ವಾರ ಬಾಯ್ಸಿಯಿಂದ ಸ್ಟ್ಯಾನ್ಲಿಗೆ (ಅಮೆರಿಕದ ಐಡಾಹೊ ರಾಜ್ಯ) ಹೋಗಿ, ಬೆಟ್ಟದ ಮೇಲಿನ ಸಾಟೂತ್ ಲೇಕ್‌ವರೆಗೂ ಹತ್ತಿ, ಅದೇ ದಿನ ವಾಪಸ್ ಬರಬಹುದೇ?

ಬರಬಹುದು, ಆದರೆ ಸರೋವರದ ಬದಲು ಹಿಮ ನೋಡಿಕೊಂಡು ಬರುತ್ತೀರಿ. ನಾನೂ ಇದೇ ಲೆಕ್ಕ ಹಾಕಿದವನೇ: ಹೆದ್ದಾರಿ 21ರಲ್ಲಿ ಸುಮಾರು 210 ಕಿ.ಮೀ., ಮೂರು ಗಂಟೆ. ನಡಿಗೆಗೆ ಐದಾರು ಗಂಟೆ. ರಾತ್ರಿ ಊಟಕ್ಕೆ ಮನೆ. ದೂರದ ಲೆಕ್ಕ ಸರಿಯೇ ಇದೆ. ಎಡವಟ್ಟಾಗುವುದು ಜೂನ್ ಅಂದರೆ ಬೇಸಿಗೆ ಅಂದುಕೊಳ್ಳುವಲ್ಲಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಸ್ಟ್ಯಾನ್ಲಿ ಇರುವುದು 6,250 ಅಡಿ ಎತ್ತರದಲ್ಲಿ. ಜೂನ್‌ನಲ್ಲಿ ಅಲ್ಲಿ ಹುಲ್ಲು ಹಸಿರು, ರಸ್ತೆ ಒಣ. ಕಾಲುದಾರಿ ಶುರುವಾಗುವ ಐರನ್ ಕ್ರೀಕ್ ಟ್ರೇಲ್‌ಹೆಡ್‌ನಲ್ಲಿ ಕಾರು ನಿಲ್ಲಿಸುವಾಗಲೂ ಅನುಮಾನ ಬರುವುದಿಲ್ಲ. ಆದರೆ ಸರೋವರ ಇರುವುದು 8,400 ಅಡಿಯ ಮೇಲೆ. ಅಲ್ಲಿಗೆ ಹತ್ತುವ ಇಳಿಜಾರು ಬಹುಪಾಲು ಉತ್ತರಕ್ಕೆ ಮುಖ ಮಾಡಿದೆ, ಬಿಸಿಲು ಕಡಿಮೆ. ಬೆಳಿಗ್ಗೆ ಹಿಮ ಕಲ್ಲಿನಂತಿದ್ದು ಕಾಲು ಜಾರುತ್ತದೆ. ಮಧ್ಯಾಹ್ನ ಮೆತ್ತಗಾಗಿ ಮಂಡಿವರೆಗೂ ಹೂತುಕೊಳ್ಳುತ್ತದೆ. ಬಂಡೆಗಳ ಪಕ್ಕ ಇನ್ನೂ ಅಪಾಯ: ಬಿಸಿಲಿಗೆ ಕಾದ ಬಂಡೆ ಸುತ್ತಲಿನ ಹಿಮವನ್ನು ಅಡಿಯಿಂದ ಕರಗಿಸಿ ಪೊಳ್ಳು ಮಾಡಿರುತ್ತದೆ, ಮೇಲಿನಿಂದ ಗೊತ್ತಾಗುವುದಿಲ್ಲ. ಕಾಲು ಉಳುಕುವುದು ಅಲ್ಲೇ. ಹಿಮ ಕರಗಿದ ನೀರು ಹಗಲೆಲ್ಲ ಸೇರಿ, ಬೆಳಿಗ್ಗೆ ಸುಲಭವಾಗಿ ದಾಟಿದ ತೊರೆ ಸಂಜೆಗೆ ಉಕ್ಕಿರುತ್ತದೆ. ದಾರಿ ಮುಚ್ಚಿರುವುದರಿಂದ ಹಳೆಯ ಹೆಜ್ಜೆಗುರುತೇ ಗತಿ, ಅದನ್ನು ಮೂಡಿಸಿದವರೇ ದಾರಿ ತಪ್ಪಿದ್ದರೆ?

ಸಾಮಾನ್ಯವಾಗಿ ಜುಲೈ ನಡುವಿನವರೆಗೂ ಕಾಯಬೇಕು. ಜುಲೈನಲ್ಲಿ ಸೊಳ್ಳೆ ಕಾಟ. ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ. 2024ರ ವಾಪಿಟಿ ಬೆಂಕಿಗೆ ಹೆದ್ದಾರಿ 21ನ್ನೇ ಮುಚ್ಚಿದ್ದರು. ನನ್ನ ಕೇಳಿದರೆ ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ಕಳೆದ ಮೇಲಿನ ಎರಡು ವಾರ. ರಾತ್ರಿ ಸೊನ್ನೆಗಿಂತ ಕೆಳಗಿಳಿಯಬಹುದು, ಜಾಕೆಟ್ ಇರಲಿ.

ಅದಿರಲಿ, ಒಂದೇ ದಿನದಲ್ಲಿ ಯಾಕೆ? 2020ರ ಜನಗಣತಿಯಲ್ಲಿ 116 ಜನರಿದ್ದ ಊರು ಅದು. ಸುತ್ತಲಿನ ಪ್ರದೇಶಕ್ಕೆ 2017ರಲ್ಲಿ ಡಾರ್ಕ್ ಸ್ಕೈ ರಿಸರ್ವ್ (ದೀಪದ ಬೆಳಕು ಕಡಿಮೆ ಇದ್ದು ನಕ್ಷತ್ರ ಚೆನ್ನಾಗಿ ಕಾಣುವ ಸಂರಕ್ಷಿತ ಪ್ರದೇಶ) ಮಾನ್ಯತೆ ಸಿಕ್ಕಿದೆ. ಆ ಆಕಾಶ ಬಿಟ್ಟು ರಾತ್ರಿ ಕಾರು ಓಡಿಸುತ್ತೀರಾ, ಅದೂ ಜಿಂಕೆ, ಎಲ್ಕ್ ಅಡ್ಡ ಬರುವ ಹೊತ್ತಿನಲ್ಲಿ? ಎರಡು ರಾತ್ರಿ ಉಳಿಯಿರಿ. ರೂಮುಗಳು ಕಡಿಮೆ, ವಾರಾಂತ್ಯಕ್ಕೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು.

ಜೂನ್ ರಜೆ ಬದಲಾಯಿಸಲು ಆಗದಿದ್ದರೆ ಸಾಟೂತ್ ಲೇಕ್ ಬಿಟ್ಟು ರೆಡ್‌ಫಿಶ್ ಲೇಕ್‌ಗೆ ಹೋಗಿ. ಊರಿನಿಂದ ಸುಮಾರು ಹತ್ತು ಕಿ.ಮೀ., ಕಾರು ನೀರಿನ ಹತ್ತಿರದವರೆಗೂ ಹೋಗುತ್ತದೆ. ಅಲ್ಲಿಂದ ಫಿಶ್‌ಹುಕ್ ಕ್ರೀಕ್ ಹುಲ್ಲುಗಾವಲಿಗೆ ಹೋಗಿ ಬರಲು ಏಳೆಂಟು ಕಿ.ಮೀ., ಏರು ಕಡಿಮೆ. ಶಿಖರಗಳು ಎದುರಿಗೇ.

ಬಾಯ್ಸಿಯಲ್ಲೇ ಟ್ಯಾಂಕ್ ತುಂಬಿಸಿ, ತಪ್ಪಿದರೆ ಐಡಾಹೊ ಸಿಟಿಯಲ್ಲಿ. ಅದರಾಚೆ ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಅಡುಗೆ ಮಾಡುವವರಾದರೆ ಚಿಕ್ಕ ಕುಕ್ಕರ್ ಒಯ್ಯಿರಿ; ಆ ಎತ್ತರದಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಯುಗ ಬೇಕು. ಅವಲಕ್ಕಿಯೇ ಮೇಲು. ಕ್ಯಾಂಪ್‌ನಲ್ಲಿ ಉಳಿದ ತಿಂಡಿ, ಟೂತ್‌ಪೇಸ್ಟ್ ಸಮೇತ, ಕಾರೊಳಗಿಟ್ಟು ಲಾಕ್ ಮಾಡಿ. ಕಪ್ಪು ಕರಡಿಗಳಿವೆ.