ರಾತ್ರಿ ಪಾಳಿಯವರ ಹಾಫ್ ಮ್ಯಾರಥಾನ್: ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಪತ್ರಕ್ಕೆ ಉತ್ತರ

ತುರ್ತು ಸೇವಾ ಸಿಬ್ಬಂದಿಯ ಹಾಫ್ ಮ್ಯಾರಥಾನಿನಲ್ಲಿ (21.1 ಕಿ.ಮೀ.) ಪೊಲೀಸ್ ತಂಡದ ಯುವಕರ ಬೆನ್ನು ಹಿಡಿದು ಮೊದಲ 5 ಕಿ.ಮೀ.ಯನ್ನು ಕಿ.ಮೀ.ಗೆ 4:40ರಂತೆ (4 ನಿಮಿಷ 40 ಸೆಕೆಂಡ್) ಓಡಿದೆ, 15 ದಾಟಿದ ಮೇಲೆ ನಡೆಯಬೇಕಾಯಿತು ಎಂದು ಬರೆದಿದ್ದೀರಿ. ನಿಮಗೆ 41 ವರ್ಷ. ಎರಡು ಹಗಲು ಪಾಳಿ, ಎರಡು ರಾತ್ರಿ ಪಾಳಿ, ಆಮೇಲೆ ನಾಲ್ಕು ದಿನ ಬಿಡುವು. ಮುಂದಿನ ಸಲ 1 ಗಂಟೆ 50 ನಿಮಿಷದಲ್ಲಿ ಮುಗಿಸಲು ಇನ್ನೆಷ್ಟು ಓಡಬೇಕು ಎಂದು ಕೇಳಿದ್ದೀರಿ.

ವಾರಕ್ಕೆ 40 ಕಿ.ಮೀ. ಓಡುತ್ತಿದ್ದೀರಿ. ನಿಮ್ಮ ಗುರಿಗೆ ಅಷ್ಟು ಸಾಕು. ಎಡವಿರುವುದು ದಿನಗಳ ಆಯ್ಕೆಯಲ್ಲಿ. ರಾತ್ರಿ ಪಾಳಿ ಮುಗಿದ ಬೆಳಗ್ಗೆಯೇ 18 ಕಿ.ಮೀ. ಓಡುವುದನ್ನು ಇಂದೇ ಬಿಡಿ. ನಿದ್ದೆಗೆಟ್ಟ ಮೈಗೆ ಅದೇ ವೇಗ ಹೆಚ್ಚು ಭಾರವೆನಿಸುತ್ತದೆ, ಸ್ನಾಯುಗಳ ಚೇತರಿಕೆಯೂ ತಡವಾಗುತ್ತದೆ.

ಏಳು ದಿನದ ವಾರವನ್ನು ಮರೆತು ನಿಮ್ಮ ಎಂಟು ದಿನದ ಸುತ್ತಿಗೇ ಅಭ್ಯಾಸವನ್ನು ಹೊಂದಿಸಿ. ಬಿಡುವಿನ ಮೊದಲ ದಿನ ಬೆಳಗ್ಗೆ ಎರಡು-ಮೂರು ಗಂಟೆ ಮಲಗಿ, ಸಂಜೆ ಬೇಕೆನಿಸಿದರೆ ಅರ್ಧ ಗಂಟೆ ಹಗುರ ಓಟ. ಒಂದು ಪೂರ್ತಿ ರಾತ್ರಿ ನಿದ್ದೆಯಾದ ಮೇಲೆ, ಎರಡನೆಯ ದಿನ, 16ರಿಂದ 18 ಕಿ.ಮೀ. ನಿಧಾನದ ಉದ್ದ ಓಟ. ಮೂರನೆಯ ದಿನ ವಿಶ್ರಾಂತಿ. ನಾಲ್ಕನೆಯ ದಿನ ವೇಗದ ಅಭ್ಯಾಸ: 1,000 ಮೀಟರ್ ಐದು ಸಲ, ನಡುವೆ ಎರಡು ನಿಮಿಷ ಹಗುರ ಓಟ. ಉದ್ದ ಓಟದ ಸ್ನಾಯು ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಏರುತ್ತದೆ. ಈ ಕ್ರಮದಲ್ಲಿ ಅದರ ಬಹುಪಾಲು ಬಿಡುವಿನಲ್ಲೇ ಕಳೆಯುತ್ತದೆ. ಕರೆ ಬಂದಾಗ ಏಣಿ ಹತ್ತುವ ಕಾಲು ನಿಮ್ಮದಾಗಿರಬೇಕಲ್ಲ. ಪಾಳಿಯ ದಿನಗಳಲ್ಲಿ 40 ನಿಮಿಷ ಮೀರದ ಹಗುರ ಓಟ ಮಾತ್ರ.

ಹೊಗೆಯೊಳಗೆ ಕೆಲಸ ಮಾಡಿದ ದಿನ ಜೋರು ಓಟ ಬೇಡವೇ ಬೇಡ. ರಕ್ತಕ್ಕೆ ಸೇರಿದ ಕಾರ್ಬನ್ ಮಾನಾಕ್ಸೈಡ್ ಸಾಮಾನ್ಯ ಗಾಳಿಯಲ್ಲಿ ಅರ್ಧಕ್ಕಿಳಿಯಲು ಸುಮಾರು 4ರಿಂದ 6 ಗಂಟೆ ಬೇಕು. ಅಷ್ಟು ಹೊತ್ತು ಸ್ನಾಯುಗಳಿಗೆ ಆಮ್ಲಜನಕ ಕಡಿಮೆಯೇ. ತಲೆನೋವು, ವಾಕರಿಕೆ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿ.

ಇನ್ನು ಸ್ಪರ್ಧೆಯ ದಿನದ ಮಾತು. 1:50ಕ್ಕೆ ಬೇಕಾದ ಸರಾಸರಿ ಕಿ.ಮೀ.ಗೆ 5:13. ನೀವು ಓಡಿದ್ದು ಅದಕ್ಕಿಂತ 33 ಸೆಕೆಂಡ್ ಜೋರಾಗಿ! ಆ ವೇಗದಲ್ಲಿ ದೇಹ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನನ್ನು ಬೇಗ ಬೇಗ ಖರ್ಚು ಮಾಡುತ್ತದೆ. ಮೊದಲ 3 ಕಿ.ಮೀ.ಯನ್ನು 5:23ರಲ್ಲಿ ಓಡಿ. ಹೀಗೆ ಕಳೆದ 30 ಸೆಕೆಂಡ್‌ಗಳನ್ನು ಉಳಿದ 18 ಕಿ.ಮೀ.ಯಲ್ಲಿ ಕಿ.ಮೀ.ಗೆ ಎರಡು ಸೆಕೆಂಡ್‌ನಂತೆ ತೀರಿಸಬಹುದು. ಸಮವಸ್ತ್ರದವರ ಓಟದಲ್ಲಿ ಇಲಾಖೆಯ ಹೆಸರು ಕೂಗುವ ಗೆಳೆಯರ ನಡುವೆ ಇದು ಕಷ್ಟ, ನಮಗೆ ಗೊತ್ತು. ಆದರೆ 28ರ ಯುವಕ ನಿಮ್ಮ ಪ್ರತಿಸ್ಪರ್ಧಿಯೇ ಅಲ್ಲ. 1985ರಲ್ಲಿ ಶುರುವಾದ ವರ್ಲ್ಡ್ ಪೊಲೀಸ್ ಅಂಡ್ ಫೈರ್ ಗೇಮ್ಸ್‌ನಲ್ಲೂ ಪದಕಗಳು ವಯೋವರ್ಗದ ಪ್ರಕಾರವೇ. ನಿಮ್ಮ ವರ್ಗದ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ.

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು: 40ನೇ ನಿಮಿಷಕ್ಕೊಂದು, 75ಕ್ಕೊಂದು ಜೆಲ್ (ಓಟಗಾರರ ಸಕ್ಕರೆ ಪಾಕದ ಪೊಟ್ಟಣ), ಜೊತೆಗೆ ನೀರು. ಬಾಯಾರಿಕೆ ಮೀರಿ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊಣಕಾಲು ನೋವಿಗೆ ಓಟಕ್ಕೆ ಮೊದಲೇ ಐಬುಪ್ರೊಫೇನ್ ನುಂಗುತ್ತೀರೆಂದು ಬರೆದಿದ್ದೀರಿ. ನಿರ್ಜಲೀಕರಣದ ನಡುವೆ ಅದು ಮೂತ್ರಪಿಂಡಕ್ಕೆ ಹೊರೆ, ದಯವಿಟ್ಟು ನಿಲ್ಲಿಸಿ.

ಪಾಳಿ ಬದಲಾವಣೆಯನ್ನು ತಿಂಗಳ ಮೊದಲೇ ಕೇಳಿ: ಸ್ಪರ್ಧೆಗೆ ಮುಂಚೆ ಕನಿಷ್ಠ ಎರಡು ಪೂರ್ತಿ ರಾತ್ರಿಗಳ ನಿದ್ದೆ, ಮುಗಿದ ಮರುದಿನ ರಜೆ. ಒಂದನ್ನೇ ಕೊಡುತ್ತೇವೆಂದರೆ ಮರುದಿನದ ರಜೆಯನ್ನೇ ಆರಿಸಿಕೊಳ್ಳಿ. ದಣಿದ ಕಾಲಲ್ಲಿ ನೀವು ಮೆಟ್ಟಿಲು ಹತ್ತುವಾಗ ಜೊತೆಗಾರನ ಜೀವವೂ ನಿಮ್ಮ ಕೈಯಲ್ಲಿರುತ್ತದೆ.