ಪ್ರತಿ: ಪೋಸ್ಟರ್ ಹಾಕಿದರೂ ಆಫೀಸಿನಲ್ಲಿ ಯಾರೂ ಕರೆಂಟ್ ಉಳಿಸುತ್ತಿಲ್ಲ, ಏನು ಮಾಡಲಿ?

ಮೊದಲು ನಿಮ್ಮ ಮ್ಯಾನೇಜರ್ ಕ್ಯಾಬಿನ್ ನೋಡಿ. ಅಲ್ಲೇ ಎಸಿ 18ರಲ್ಲಿ ಓಡುತ್ತಿದ್ದರೆ, ಮೇಜಿನ ತುಂಬ ಪ್ಲಾಸ್ಟಿಕ್ ಬಾಟಲಿಗಳಿದ್ದರೆ, ನಿಮ್ಮ ಪೋಸ್ಟರ್‌ಗೆ ಯಾರು ಬೆಲೆ ಕೊಡುತ್ತಾರೆ? ಸಿಬ್ಬಂದಿ ಗಮನಿಸುವುದು ಮೇಲಿನವರ ನಡತೆಯನ್ನು, ಅಲ್ವಾ?

ಅಮೆರಿಕದ ಇಂಟರ್‌ಫೇಸ್ ಕಾರ್ಪೆಟ್ ಕಂಪನಿಯ ಮುಖ್ಯಸ್ಥ ರೇ ಆಂಡರ್ಸನ್ 1994ರಲ್ಲಿ ಪರಿಸರದ ದಾರಿ ಹಿಡಿದರು. ಆಮೇಲೆ 2020ರ ಹೊತ್ತಿಗೆ ಪರಿಸರಕ್ಕೆ ಹಾನಿಯೇ ಇರಬಾರದು ಎಂಬ ಗುರಿ ಇಟ್ಟರು. ಸುಮ್ನೆ ಭಾಷಣ ಮಾಡಿ ಬಿಡಲಿಲ್ಲ. ವೇಸ್ಟ್ ಎಲ್ಲೆಲ್ಲಿ ಆಗುತ್ತಿದೆ ಎಂದು ಹುಡುಕುವ ಕೆಲಸವನ್ನು ನೌಕರರ ತಂಡಗಳಿಗೇ ಕೊಟ್ಟರು. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ನೀವೂ ಮ್ಯಾನೇಜರ್ ಹತ್ತಿರ ಮಾತಾಡಿ. ಅವರ ಕ್ಯಾಬಿನ್ನಿನಿಂದಲೇ ಎಸಿ 24ಕ್ಕೆ ಬರಲಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತೆ ಬ್ಯೂರೋ. ಆಮೇಲೆ ಹೌಸ್‌ಕೀಪಿಂಗ್‌ನವರನ್ನೂ ಕೂರಿಸಿಕೊಂಡು ಸಲಹೆ ಕೇಳಿ. ಸಂಜೆ ಯಾವ ಲೈಟು ಉರಿಯುತ್ತಲೇ ಇರುತ್ತದೆ ಎಂದು ಅವರಿಗೇ ಗೊತ್ತು.