ಇನ್ನು 12 ದಿನ

ನಮ್ಮ ಆಪ್ತಸಲಹೆಗೆ ಬಂದವರು: 31 ವರ್ಷ, ಬಲಗೈ ರಿಲೀಫ್ ಪಿಚರ್, ಅಂದರೆ ಪಂದ್ಯದ ನಡುವೆ ಬಂದು ಚೆಂಡೆಸೆಯುವವರು. ಮದುವೆಯಾಗಿದೆ, ಮೂರು ವರ್ಷದ ಮಗಳಿದ್ದಾಳೆ. ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ ಹನ್ನೊಂದನೇ ಸೀಸನ್. ಈವರೆಗೆ ಐದು ಕ್ಲಬ್. ಮೊಣಕೈಗೆ ಒಮ್ಮೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಹರಿದ ಲಿಗಮೆಂಟಿನ ಜಾಗಕ್ಕೆ ಬೇರೆಡೆಯ ಸ್ನಾಯುರಜ್ಜು ಕೂರಿಸುವುದು) ಆಗಿದೆ. ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗಿನಲ್ಲಿ ಇದ್ದದ್ದು ಮೂರು ವರ್ಷಗಳಲ್ಲಿ ಬಿಡಿಬಿಡಿಯಾಗಿ ಒಟ್ಟು 31 ದಿನ. ಈಗ ಒಂದು ಮೆಟ್ಟಿಲು ಕೆಳಗೆ, ಟ್ರಿಪಲ್-ಎಯಲ್ಲಿ. (ಗುರುತು ಸಿಗದಂತೆ ವಿವರ ಬದಲಿಸಿದ್ದೇವೆ, ಇಂಥದೇ ಬಿಕ್ಕಟ್ಟಿನ ಬೇರೆ ಆಟಗಾರರ ಸಂಗತಿಗಳೂ ಇದರಲ್ಲಿ ಬೆರೆತಿವೆ.)

ಹೇಳಿಕೊಂಡ ತೊಂದರೆ: ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಹತ್ತುವುದಿಲ್ಲ, ಫೋನಿನಲ್ಲಿ ಆಟಗಾರರ ಅದಲುಬದಲು ಸುದ್ದಿ ನೋಡುವುದು ನಿಲ್ಲುವುದಿಲ್ಲ, ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ಒಂದೇ ಪ್ರಶ್ನೆ: "ಬಿಡಬೇಕೋ, ಇರಬೇಕೋ, ನೀವೇ ಹೇಳಿ."

ಭೇಟಿಗಳೆಲ್ಲ ಸೋಮವಾರ, ವಿಡಿಯೊದಲ್ಲಿ. ಟ್ರಿಪಲ್-ಎ ತಂಡಗಳು ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯೊಂದಿಗೆ ಆರು ಪಂದ್ಯ ಆಡುತ್ತವೆ. ಸೋಮವಾರ ಒಂದೇ ಬಿಡುವು, ಅದರಲ್ಲೂ ಅರ್ಧ ಪ್ರಯಾಣಕ್ಕೇ ಹೋಗುತ್ತದೆ. ಅವರು ಮೊದಲು ಕೇಳಿದ್ದು, "ನೀವು ಕ್ಲಬ್ಬಿನ ಕಡೆಯವರಾ?" ಕೇಳಲೇಬೇಕಾದ ಪ್ರಶ್ನೆ. ಕ್ಲಬ್ ಸಂಬಳ ಕೊಡುವ ಆಪ್ತಸಲಹೆಗಾರರ ಬಳಿ ಹೋಗುವವರು ಯಾವ ಮಾತು ಗುಟ್ಟಾಗಿ ಉಳಿಯುತ್ತದೆ, ಯಾವುದು ವೈದ್ಯಕೀಯ ವಿಭಾಗಕ್ಕೆ ತಲುಪುತ್ತದೆ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು. ನಮ್ಮದು ಹೊರಗಿನ ಸೇವೆ. ಅಷ್ಟು ಖಾತ್ರಿಯಾದ ಮೇಲೆ ಮಾತು ಹರಿಯಿತು. ಆ ಒಂದು ಗಂಟೆಯಲ್ಲಿ "ಇನ್ನು 12 ದಿನ" ಅನ್ನುವ ಮಾತು ಏಳು ಸಲ ಬಂತು.

ಈ 12 ಎಲ್ಲಿಂದ ಬಂತು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಮೇಜರ್ ಲೀಗಿನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಅದರ ಕಾಲುಭಾಗ 43. ಒಂದೇ ಒಂದು ದಿನ ಸಕ್ರಿಯ ಪಟ್ಟಿಯಲ್ಲಿ ಇದ್ದರೂ ಆರೋಗ್ಯ ವಿಮೆಯ ಯೋಜನೆಗೆ ಅರ್ಹತೆ ಬರುತ್ತದೆ. 43 ದಿನ ತುಂಬಿದರೆ ಪಿಂಚಣಿ. ಇವರ ಖಾತೆಯಲ್ಲಿರುವುದು 31. ಹನ್ನೆರಡು ಕಡಿಮೆ.

ಇಂಥ ಆಸೆಯನ್ನು ಭ್ರಮೆ ಎಂದು ತಳ್ಳಿಹಾಕುವ ಸಲಹೆಗಾರರಿದ್ದಾರೆ. ನಾವು ಒಪ್ಪುವುದಿಲ್ಲ. ಹಣದ ಲೆಕ್ಕವನ್ನೇ ನೋಡಿ. 2025ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 7,60,000 ಡಾಲರ್, ಅಂದರೆ ಸೀಸನ್ನಿನ ಒಂದು ದಿನಕ್ಕೆ ಸುಮಾರು 4,000. ಹನ್ನೆರಡು ದಿನಕ್ಕೆ 48,000ದ ಆಸುಪಾಸು. ಮೇಜರ್‌ಗಿಂತ ಕೆಳಗಿನ ಹಂತಗಳಾದ ಮೈನರ್ ಲೀಗ್‌ಗಳ ಆಟಗಾರರು 2023ರಲ್ಲಿ ಮೊದಲ ಸಲ ಸಾಮೂಹಿಕ ಒಪ್ಪಂದ ಮಾಡಿಕೊಂಡಾಗ ಟ್ರಿಪಲ್-ಎಗೆ ನಿಗದಿಯಾದ ಕನಿಷ್ಠ ಸಂಬಳ ಇಡೀ ವರ್ಷಕ್ಕೆ 35,800. ಅನುಭವಿಗಳು ಇದಕ್ಕಿಂತ ಹೆಚ್ಚು ಕೇಳಿ ಪಡೆಯುತ್ತಾರೆ, ನಿಜ. ಆದರೂ ಮೇಲಿನ ಎರಡು ವಾರ ಕೆಳಗಿನ ಒಂದು ವರ್ಷವನ್ನು ಮೀರಿಸುತ್ತದೆ. ಪಿಂಚಣಿಯ ಮಾತು ಬೇರೆ. ಪೂರ್ಣ ಪಿಂಚಣಿಗೆ 10 ವರ್ಷದ ಸೇವೆ ಬೇಕು. 43 ದಿನ ಅಂದರೆ ಅದರ 40ರಲ್ಲಿ ಒಂದು ಪಾಲು. ಇವರ ಮನಸ್ಸಿನಲ್ಲಿ ಅದು ಜೀವಮಾನದ ಭದ್ರತೆಯಾಗಿ ಬೆಳೆದು ನಿಂತಿತ್ತು. ಭಾಗಿಸಿ ತೋರಿಸಿದಾಗ ಸುಮ್ಮನಾದರು. "ಇಷ್ಟೇನಾ?" ಅನ್ನಲಿಲ್ಲ, ಆದರೆ ಕಾಗದದ ಮೇಲೆ ತಾವೇ ಇನ್ನೊಮ್ಮೆ ಭಾಗಿಸಿ ನೋಡಿದರು.

ಎರಡನೇ ಗಂಟು: "ಮೇಲಿನಿಂದ ಕರೆ ಬರುತ್ತಿಲ್ಲ ಅಂದರೆ ನಾನು ಚೆನ್ನಾಗಿ ಎಸೆಯುತ್ತಿಲ್ಲ." ಇದು ಅರ್ಧ ಸುಳ್ಳು, ಮತ್ತು ಆ ಅರ್ಧವೇ ನಿದ್ದೆ ಕೆಡಿಸುತ್ತಿತ್ತು. ಮೇಲಿನ ತಂಡದಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ. ಹಿಂದಿನ ರಾತ್ರಿ ಪಂದ್ಯ ಉದ್ದವಾಗಿ ಬುಲ್‌ಪೆನ್ (ರಿಲೀಫ್ ಪಿಚರ್‌ಗಳ ಗುಂಪು) ಸುಸ್ತಾದರೆ ಬೆಳಿಗ್ಗೆ ಒಂದು ತಾಜಾ ತೋಳು ಬೇಕು. ಆಗ ಜನರಲ್ ಮ್ಯಾನೇಜರ್ ಮೊದಲು ನೋಡುವುದು ಮೇಲಿನ ತಂಡಕ್ಕೆ ಆಡಲು ಅರ್ಹರಾದ 40 ಜನರ ಪಟ್ಟಿಯಲ್ಲಿ ಯಾರಿದ್ದಾರೆ, ಅವರಲ್ಲಿ ಯಾರಿಗೆ 'ಆಪ್ಶನ್' ಉಳಿದಿದೆ ಎಂದು. ಆಪ್ಶನ್ ಇರುವ 24ರ ಹುಡುಗನನ್ನು ಇವತ್ತು ಕರೆಸಿ ನಾಡಿದ್ದು ಯಾರ ಅಪ್ಪಣೆಯೂ ಇಲ್ಲದೆ ಕೆಳಗೆ ಕಳಿಸಬಹುದು. ಒಬ್ಬನನ್ನು ಒಂದು ಸೀಸನ್ನಿನಲ್ಲಿ ಐದು ಸಲ ಹೀಗೆ ಕಳಿಸಲು ಅವಕಾಶವಿದೆ. ಇವರ ಮೂರೂ ಆಪ್ಶನ್ ವರ್ಷಗಳು ಮುಗಿದಿವೆ, 40ರ ಪಟ್ಟಿಯಲ್ಲೂ ಇಲ್ಲ. ಇವರನ್ನು ಕರೆಯಬೇಕಾದರೆ ಆ ಪಟ್ಟಿ ತುಂಬಿದ್ದರೆ ಮೊದಲು ಒಬ್ಬರನ್ನು ತೆಗೆಯಬೇಕು. ಆಮೇಲೆ ಕೆಳಗೆ ಕಳಿಸಬೇಕಾದರೆ 'ಡಿಎಫ್‌ಎ' ಮಾಡಿ, ಅಂದರೆ 40ರ ಪಟ್ಟಿಯಿಂದ ತೆಗೆದು, ವೇವರ್ (ಬೇರೆ ತಂಡಗಳು ಎತ್ತಿಕೊಳ್ಳಲು ಕೊಡುವ ಅವಕಾಶ) ದಾಟಿಸಬೇಕು. ನಡುವೆ ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಯಾರೂ ಎತ್ತಿಕೊಳ್ಳದಿದ್ದರೂ, ಹಿಂದೊಮ್ಮೆ ಹೀಗೆ ಕೆಳಗಿಳಿದವರಾದ್ದರಿಂದ ಇವರೇ ನಿರಾಕರಿಸಿ ಸ್ವತಂತ್ರರಾಗಬಹುದು. ಎರಡು ದಿನದ ಕೆಲಸಕ್ಕೆ ಇಷ್ಟು ಕಾಗದಪತ್ರ. ಇದು ಮದುವೆಮನೆಯಲ್ಲಿ ಎಲೆ ಹಾಕುವ ಲೆಕ್ಕ, ಅಡುಗೆಯ ರುಚಿಯ ತೀರ್ಪಲ್ಲ.

ಇನ್ನರ್ಧ ಮಾತ್ರ ನಿಜ, ಅದನ್ನೂ ಹೇಳಿದೆವು. ಇವರ ಫಾಸ್ಟ್‌ಬಾಲ್ ಗಂಟೆಗೆ 92 ಮೈಲಿ, ಸುಮಾರು 148 ಕಿ.ಮೀ. ಮೇಲಿನ ಸರಾಸರಿ ಈಗ 94ರ ಹತ್ತಿರ. ವೇಗದಿಂದ ಗೆಲ್ಲಲಾರರು, ಪಕ್ಕಕ್ಕೆ ತಿರುಗುವ ಚೆಂಡಾದ ಸ್ಲೈಡರ್ ಅಂಚಿಗೆ ಬಿದ್ದರೆ ಮಾತ್ರ ಬದುಕು. ಆಡುತ್ತಿರುವುದು ಟ್ರಿಪಲ್-ಎಯ ಪೆಸಿಫಿಕ್ ಕೋಸ್ಟ್ ಲೀಗಿನಲ್ಲಿ. ಅಲ್ಲಿ ಆಲ್ಬುಕರ್ಕಿಯಂಥ ಊರು 1,500 ಮೀಟರ್‌ಗಿಂತ ಎತ್ತರದಲ್ಲಿದೆ, ರೀನೊ, ಸಾಲ್ಟ್ ಲೇಕ್ ಕೂಡ ಎತ್ತರದ ಊರುಗಳೇ. ತೆಳು ಗಾಳಿಯಲ್ಲಿ ಹೊಡೆದ ಚೆಂಡು ಹೆಚ್ಚು ದೂರ ಹೋಗುತ್ತದೆ, ತಿರುಗುವ ಚೆಂಡು ಕಡಿಮೆ ತಿರುಗುತ್ತದೆ. ಇಂಥ ಕಡೆ 5.40ರ ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) ಹಿಡಿದುಕೊಂಡು ರಾತ್ರಿ ಕೊರಗುವುದರಲ್ಲಿ ಅರ್ಥವಿಲ್ಲ. ಕ್ಲಬ್‌ಗಳೂ ಅದನ್ನು ನೋಡುವುದು ಕಡಿಮೆ. ಅವು ನೋಡುವುದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್), ಬ್ಯಾಟ್ಸ್‌ಮನ್ ಬೀಸಿದರೂ ಚೆಂಡು ತಾಗದ ಪ್ರಮಾಣ, ಚೆಂಡಿನ ಸುತ್ತು.

ರಿಚ್ ಹಿಲ್ ಹೆಸರೂ ಬಂತು. ಈ ವಯಸ್ಸಿನ ಎಲ್ಲ ಪಿಚರ್‌ಗಳೂ ಅದನ್ನು ತರುತ್ತಾರೆ. 2015ರಲ್ಲಿ 35ರ ವಯಸ್ಸಿನಲ್ಲಿ ಲಾಂಗ್ ಐಲೆಂಡ್ ಡಕ್ಸ್ ಎಂಬ ಸ್ವತಂತ್ರ (ಮೇಜರ್ ಕ್ಲಬ್‌ಗಳ ನಂಟಿಲ್ಲದ) ಲೀಗಿನ ತಂಡದಲ್ಲಿ ಎಸೆದು, ಅದೇ ಸೆಪ್ಟೆಂಬರಿನಲ್ಲಿ ಬಾಸ್ಟನ್ ತಂಡಕ್ಕೆ ಮರಳಿ, ಮರುವರ್ಷದ ಕೊನೆಗೆ ಡಾಡ್ಜರ್ಸ್ ಜೊತೆ ಮೂರು ವರ್ಷಕ್ಕೆ 4.8 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡವರು ಅವರು. ಆದರೆ ಹಿಲ್ ಎಡಗೈಯವರು, ಸ್ಟಾರ್ಟರ್ (ಪಂದ್ಯದ ಆರಂಭದಿಂದಲೇ ಎಸೆಯುವವರು), ಅದಕ್ಕೂ ಮೊದಲೇ ಮೇಲೆ ವರ್ಷಗಳ ಸೇವೆ ಮುಗಿಸಿದ್ದವರು. ಸುಮ್ಮನೆ ಕಾದು ಕೂತದ್ದರಿಂದ ಅವರು ಮರಳಲಿಲ್ಲ. ಕರ್ವ್‌ಬಾಲನ್ನು ಬಳಸುವ ರೀತಿಯನ್ನೇ ಬದಲಿಸಿಕೊಂಡರು. "ನೀವು ಈ ವರ್ಷ ಏನು ಬದಲಿಸಿದ್ದೀರಿ?" ಎಂದು ಕೇಳಿದೆವು. ಉತ್ತರ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದು ಮೂರನೇ ಭೇಟಿಯಲ್ಲಿ ಹೊರಬಿತ್ತು. ಮಾತಾಡುತ್ತ ನೀರಿನ ಬಾಟಲಿಯ ಮುಚ್ಚಳವನ್ನು ಎಡಗೈಯಲ್ಲಿ ತಿರುಗಿಸಿದರು. ಬಲ ಮೊಣಕೈ ಮೇಜಿನ ಮೇಲೇ ಇತ್ತು, ಕಿರುಬೆರಳು ಮತ್ತು ಉಂಗುರಬೆರಳು ಮಾತ್ರ ಮಡಚಿ ಬಿಚ್ಚಿ ಆಗುತ್ತಿದ್ದವು. ಕೇಳಿದೆವು. ಐದು ವಾರದಿಂದ ಮೊಣಕೈಯ ಒಳಬದಿ ನೋವು, ಎಸೆದ ಮರುದಿನ ಆ ಎರಡು ಬೆರಳಲ್ಲಿ ಜೋಮು. ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ. ಸ್ಲೈಡರ್ ಎಸೆದರೆ ಹೆಚ್ಚು ನೋಯುತ್ತದೆಂದು ಕ್ಯಾಚರ್ (ಎಸೆತದ ಚೆಂಡು ಹಿಡಿಯುವವರು) ಅದನ್ನೇ ಕೇಳಿದರೂ ಫಾಸ್ಟ್‌ಬಾಲನ್ನೇ ಎಸೆಯುತ್ತಿದ್ದರು. ಬದುಕಿಸಬೇಕಾದ ಚೆಂಡನ್ನೇ ಕೈಬಿಟ್ಟು 12 ದಿನಕ್ಕೆ ಕಾಯುತ್ತಿದ್ದರು. ಮುಚ್ಚಿಟ್ಟದ್ದು ಯಾಕೆ? ಮೇಜರ್ ಲೀಗಿನ ಗಾಯಾಳುಗಳ ಪಟ್ಟಿಯಲ್ಲಿದ್ದರೆ ಆ ದಿನಗಳೂ ಸೇವೆಗೆ ಸೇರುತ್ತವೆ; ಮೈನರ್ ಪಟ್ಟಿಯಲ್ಲಿದ್ದರೆ ಸೇರುವುದಿಲ್ಲ. "ಮೇಲೆ ಹೋದ ಮೇಲೆ ಕೈ ಹೋದರೆ ಹೋಗಲಿ" ಎಂಬುದು ಅವರ ಲೆಕ್ಕ.

ಅಲ್ಲಿಂದ ನಮ್ಮ ಸಲಹೆಯ ಕ್ರಮವೇ ಬದಲಾಯಿತು. ಬಿಡುವುದೋ ಇರುವುದೋ ಎಂಬ ಪ್ರಶ್ನೆಯನ್ನು ಬದಿಗಿಟ್ಟೆವು.

ಕೊಟ್ಟ ಸಲಹೆ ಹೀಗಿತ್ತು. ಮಂಗಳವಾರ ಮೈದಾನಕ್ಕೆ ಹೋದ ತಕ್ಷಣ, ಬಟ್ಟೆ ಬದಲಿಸುವ ಮುಂಚೆ, ಗಾಯಗಳನ್ನು ನೋಡಿಕೊಳ್ಳುವ ತಂಡದ ಟ್ರೇನರ್‌ಗೆ ನೋವು ಮತ್ತು ಜೋಮು ಎರಡನ್ನೂ ಹೇಳಿ. ಬಾಯಲ್ಲಿ ಹೇಳಿ, ಅದೇ ದಿನ ಸಂದೇಶವಾಗಿಯೂ ಕಳಿಸಿ: ಯಾವ ದಿನ ಶುರುವಾಯಿತು, ಯಾವ ಪಂದ್ಯ, ಎಷ್ಟನೇ ಎಸೆತದಲ್ಲಿ. ಪ್ರತಿಯನ್ನು ಏಜೆಂಟರಿಗೆ ಕೊಡಿ. ಇದು ಬರೀ ಆರೋಗ್ಯದ ಮಾತಲ್ಲ. ಒಪ್ಪಂದದಲ್ಲಿರುವಾಗ ಆಡುತ್ತ ಆದ ಗಾಯಕ್ಕೆ ಚಿಕಿತ್ಸೆಯ ಹೊಣೆ ಕ್ಲಬ್ಬಿನದು. ಹೇಳದೆ ಇದ್ದು, ನಾಳೆ ಬಿಡುಗಡೆಯ ಕಾಗದ ಕೈಗೆ ಬಂದ ಮೇಲೆ "ನನಗೆ ಮೊದಲೇ ನೋವಿತ್ತು" ಅಂದರೆ ಸಾಬೀತು ಮಾಡುವುದು ಕಷ್ಟ. ಎರಡನೇ ಟಾಮಿ ಜಾನ್ ಅಂದರೆ ಮತ್ತೆ 12ರಿಂದ 18 ತಿಂಗಳು, ಮೊದಲ ಸಲದಷ್ಟು ಭರವಸೆಯೂ ಇಲ್ಲ. ಸ್ಕ್ಯಾನ್ ಏನು ಹೇಳುತ್ತದೋ ಅದು ವೈದ್ಯರ ಕೆಲಸ. ಅದಾಗುವವರೆಗೆ ವೃತ್ತಿಯ ಬಗ್ಗೆ ಯಾವ ತೀರ್ಮಾನವೂ ಬೇಡ.

ಆಮೇಲೆ ಏಜೆಂಟರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಸಿದೆವು, ಯಾಕೆಂದರೆ ಇವರು ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದದ್ದು "ಏನಾದರೂ ಸುದ್ದಿ ಇದೆಯಾ?" ಎಂದಷ್ಟೇ. ಒಪ್ಪಂದದಲ್ಲಿ ಹೊರಬರುವ ದಿನಾಂಕ ಇದೆಯೇ, ಇದ್ದರೆ ಯಾವುದು? ಹೊರದೇಶದ ತಂಡ ಕೇಳಿದರೆ ಬಿಟ್ಟುಕೊಡುವ ಷರತ್ತು ಇದೆಯೇ? ಬೇರೆ ಮೇಜರ್ ತಂಡ 26ರ ಪಟ್ಟಿಯಲ್ಲಿ ಜಾಗ ಕೊಡಲು ಸಿದ್ಧವಿದ್ದರೆ ಈ ಕ್ಲಬ್ ಕರೆಯಲೇಬೇಕು ಅಥವಾ ಬಿಡಲೇಬೇಕು ಎಂಬ ಮಾತು ಬರಹದಲ್ಲಿದೆಯೇ? ಮೊದಲೆರಡು ಇದ್ದವು, ಮೂರನೆಯದು ಇರಲಿಲ್ಲ. ಹೊರಬರುವ ದಿನಾಂಕ ಮುಗಿದು ಒಂಬತ್ತು ದಿನವಾಗಿತ್ತು.

ಕೊರಿಯಾದ ಆಸೆಯೂ ಇತ್ತು. ಅಲ್ಲಿ ಹೊಸದಾಗಿ ಬರುವ ವಿದೇಶಿ ಆಟಗಾರರಿಗೆ ಮೊದಲ ವರ್ಷ 10 ಲಕ್ಷ ಡಾಲರಿನ ಮಿತಿಯಿದೆ, ಇವರ ಪಾಲಿಗೆ ಅದು ದೊಡ್ಡ ಮೊತ್ತವೇ. ಆದರೆ ತಂಡಕ್ಕೆ ವಿದೇಶಿಯರು ಬೆರಳೆಣಿಕೆಯಷ್ಟು, ಆ ಜಾಗ ಹೆಚ್ಚಾಗಿ ಸ್ಟಾರ್ಟರ್‌ಗಳಿಗೇ. ಒಂದು ಇನ್ನಿಂಗ್ಸ್ ಎಸೆಯುವವರನ್ನು ಅಲ್ಲಿಗೆ ಕರೆಯುವುದು ಅಪರೂಪ. ಹೋಗುವ ಮನಸ್ಸಿದ್ದರೆ ಕೈ ಗುಣವಾದ ಮೇಲೆ ಕೋಚ್ ಬಳಿ ಮಾತಾಡಿ 80 ಎಸೆತದವರೆಗೆ ಏರಿಸಿಕೊಳ್ಳಬೇಕು. ರಿಲೀವರಾಗಿಯೇ ಇರುವುದಾದರೆ ಮೆಕ್ಸಿಕೊ ಹೆಚ್ಚು ಹತ್ತಿರದ ದಾರಿ.

ಮನೆಯ ಜಗಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಭೇಟಿಗೆ ಹೆಂಡತಿಯೂ ಬಂದರು. "ಅವರು ಆಡಲಿ. ಯಾವ ತಿಂಗಳವರೆಗೆ ಅಂತ ಹೇಳಲಿ, ಮಗಳನ್ನು ಶಾಲೆಗೆ ಯಾವ ಊರಲ್ಲಿ ಸೇರಿಸಲಿ?" ಅವರ ದೂರು ಇಷ್ಟೇ. ಇಬ್ಬರೂ ಕೂತು ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿದರು: ನವೆಂಬರ್ 15. ಅಷ್ಟರೊಳಗೆ ಯಾವ ತಂಡವೂ ಬರಹದಲ್ಲಿ ಏನನ್ನೂ ಕೊಡದಿದ್ದರೆ ಮುಂದಿನ ವರ್ಷ ಇಲ್ಲ. ಫೋನಿನ ಸುದ್ದಿ ದಿನಕ್ಕೆ ಒಂದು ಸಲ, ಮಧ್ಯಾಹ್ನ ಮಾತ್ರ. ನಿಜವಾದ ಕರೆ ಬಂದರೆ ಮ್ಯಾನೇಜರೇ ಎಬ್ಬಿಸುತ್ತಾರೆ. ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆಯ್ಕೆಯಾದಾಗ ಒಪ್ಪಂದದಲ್ಲಿ ಬರೆಸಿಕೊಂಡ ಕಾಲೇಜು ಶುಲ್ಕದ ಯೋಜನೆ ಇವರಿಗೆ ಮರೆತೇಹೋಗಿತ್ತು. ಆಟ ಬಿಟ್ಟು ಎರಡು ವರ್ಷದೊಳಗೆ ಓದು ಶುರುಮಾಡದಿದ್ದರೆ ಅದು ಕೈತಪ್ಪುತ್ತದೆ. ಆ ಕಾಗದ ಹುಡುಕಿ ತೆಗೆಯುವುದನ್ನು ಹೆಂಡತಿ ವಹಿಸಿಕೊಂಡರು.

ನಂತರ ಆದದ್ದು: ಲಿಗಮೆಂಟ್ ಹರಿದಿರಲಿಲ್ಲ, ಮುಂಗೈ ಸ್ನಾಯುವಿನ ಸೆಳೆತ, ನರಕ್ಕೆ ಒತ್ತಡ. ಏಳು ವಾರ ಚೆಂಡು ಮುಟ್ಟಲಿಲ್ಲ. ಅದೇ ಏಳು ವಾರದಲ್ಲಿ ಮೇಲಿನ ಬುಲ್‌ಪೆನ್‌ನಲ್ಲಿ ಇಬ್ಬರು ಗಾಯಗೊಂಡರು, ಕರೆ ಇನ್ನೊಬ್ಬರಿಗೆ ಹೋಯಿತು. ಆ ಸೋಮವಾರ ಅವರು ನಮ್ಮ ಮೇಲೆ ಸಿಟ್ಟಾಗಿದ್ದರು. ಆ ಸಿಟ್ಟಿಗೆ ಕಾರಣವಿತ್ತು, ಸಮಾಧಾನ ಹೇಳಲು ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಪಟ್ಟಿ 28ಕ್ಕೆ ಏರಿದಾಗ ಇವರಿಗೂ ಕರೆ ಬಂತು, ಐದು ದಿನಕ್ಕೆ. ಎರಡು ಪಂದ್ಯದಲ್ಲಿ ಎಸೆದರು, ಸ್ಲೈಡರ್ ಸಹಿತ. ಆರನೇ ದಿನ ಡಿಎಫ್‌ಎ.

80 ಎಸೆತದ ಸಲಹೆಯನ್ನು ಅವರು ಒಪ್ಪಲಿಲ್ಲ. ನವೆಂಬರ್ 11ಕ್ಕೆ ಮೆಕ್ಸಿಕೊದ ಒಂದು ತಂಡದಿಂದ ಪತ್ರ ಬಂದಿದೆ. ಲೆಕ್ಕ ಈಗ 36.